ಒಂದು ಕೆಲಸ ಸರಿಸಿದರೆ ಯಾವ ಗಡುವು ಜಾರುತ್ತದೆ?

ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ. ಈ ಕಡೆಗಳಿಂದ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೇಳುವವರು ಐದಾರು ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಸಣ್ಣ ಕಾರ್ಖಾನೆಗಳ ಮಾಲೀಕರು, ಇಲ್ಲವೇ ಅಲ್ಲಿ ಪ್ಲಾನಿಂಗ್ ನೋಡಿಕೊಳ್ಳುವ ಯುವಕರು. "ಸರ್, ಆಫೀಸಿನ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಇದೆ. ಯಾವ ಯಂತ್ರದ ಮೇಲೆ ಯಾವ ಕೆಲಸ ಎಷ್ಟು ಹೊತ್ತಿಗೆ ಎಂದು ತೋರಿಸುವ, ಮೌಸಿನಲ್ಲಿ ಎಳೆದು ಬದಲಿಸಬಹುದಾದ ಒಂದು ಸ್ಕ್ರೀನ್ ಅದರಲ್ಲೇ ಮಾಡಿಕೊಳ್ಳಬಹುದೇ?" ಇವರೆಲ್ಲರ ಇಂದಿನ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಗೋಡೆಗೊಂದು ವೈಟ್‌ಬೋರ್ಡ್, ಮಾಲೀಕರ ಲ್ಯಾಪ್‌ಟಾಪಿನಲ್ಲೊಂದು ಎಕ್ಸೆಲ್ ಶೀಟ್, ಮಿಕ್ಕಿದ್ದೆಲ್ಲ ಸೂಪರ್‌ವೈಸರ್ ತಲೆಯಲ್ಲಿ. ಸೋಮವಾರ ಬೆಳಿಗ್ಗೆ ಮೂರೂ ಒಂದೇ ಮಾತು ಹೇಳುತ್ತವೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಒಂದು ಅರ್ಜೆಂಟ್ ಆರ್ಡರ್ ಬಂದಿರುತ್ತದೆ, ಯಾವುದೋ ಟೂಲ್ ಮುರಿದಿರುತ್ತದೆ, ಪ್ಲೇಟಿಂಗ್‌ಗೆ ಕಳಿಸಿದ ಮಾಲು ವಾಪಸ್ ಬಂದಿರುವುದಿಲ್ಲ. ಅಲ್ಲಿಂದ ಮುಂದೆ ಮೂರೂ ಮೂರು ದಾರಿ ಹಿಡಿಯುತ್ತವೆ.

ನನ್ನ ಉತ್ತರ: ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು. ಇಂಥ ಸ್ಕ್ರೀನ್‌ಗಳನ್ನು ವರ್ಕ್‌ಶಾಪ್‌ನವರ ಜತೆ ಕೂತು ಕಟ್ಟಿದ ಅನುಭವದಿಂದ ಒಂದು ಮಾತನ್ನು ಒತ್ತಿ ಹೇಳಬಲ್ಲೆ. ಬಣ್ಣಬಣ್ಣದ ಪಟ್ಟಿಗಳನ್ನು ಎಳೆದಾಡಲು ಬಂತೆಂದರೆ ಕೆಲಸ ಅರ್ಧವೂ ಮುಗಿದಿಲ್ಲ. ಒಂದು ಕೆಲಸವನ್ನು ಎತ್ತಿ ಬೇರೆಡೆ ಇಟ್ಟ ಆ ಕ್ಷಣದಲ್ಲೇ, ಇದರಿಂದ ಬೇರೆ ಯಾವ ಆರ್ಡರಿನ ಗಡುವು ಜಾರುತ್ತದೆ, ಎಷ್ಟು ಜಾರುತ್ತದೆ ಎಂಬುದನ್ನು ಸ್ಕ್ರೀನ್ ಕಣ್ಣಿಗೆ ಕಟ್ಟಬೇಕು. ನಿರ್ಧಾರ ಮನುಷ್ಯನದು, ಅದರ ಪರಿಣಾಮದ ಲೆಕ್ಕ ಯಂತ್ರದ್ದು. ಈ ಹಂಚಿಕೆಯನ್ನು ಮೊದಲೇ ತೀರ್ಮಾನಿಸಿಕೊಂಡರೆ ಮುಂದಿನ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಲೀಸಾಗಿ ಸಿಗುತ್ತದೆ.

ಹಾಗಿದ್ದರೆ ನಿರ್ಧಾರವನ್ನೂ ಕಂಪ್ಯೂಟರಿಗೇ ಯಾಕೆ ಬಿಡಬಾರದು ಎಂದು ಕೆಲವರು ಕೇಳುತ್ತಾರೆ. ಕೇಳಲು ಸುಲಭ, ಲೆಕ್ಕ ಮಾತ್ರ ಬಲು ಕಠಿಣ. ಒಂದೇ ಯಂತ್ರದ ಮುಂದೆ 10 ಕೆಲಸಗಳಿದ್ದರೆ ಅವನ್ನು ಸಾಲಾಗಿ ನಿಲ್ಲಿಸುವ ಬಗೆಗಳೇ 36,28,800. ಫಿಶರ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು 10 ಯಂತ್ರಗಳ ಮೇಲೆ 10 ಕೆಲಸಗಳನ್ನು ಹೊಂದಿಸುವ ಒಂದು ಮಾದರಿ ಸಮಸ್ಯೆಯನ್ನು 1963ರಲ್ಲಿ ಪ್ರಕಟಿಸಿದರು. ಅದರಲ್ಲಿ ಎಲ್ಲ ಕೆಲಸ ಮುಗಿಯಲು ಬೇಕಾದ ಅತಿ ಕಡಿಮೆ ಅವಧಿ 930 ಕಾಲಘಟಕ ಎಂದು ಕಾರ್ಲಿಯೆ ಮತ್ತು ಪಿನ್ಸನ್ ಸಾಧಿಸಿ ತೋರಿಸಿದ್ದು 1989ರಲ್ಲಿ. ಹತ್ತು ಕೆಲಸಗಳ ಲೆಕ್ಕ ಇತ್ಯರ್ಥವಾಗಲು 26 ವರ್ಷ ಹಿಡಿಯಿತು. ಇಂದು ಅದನ್ನು ಬೇಗ ಬಿಡಿಸುವ ಸಾಫ್ಟ್‌ವೇರ್‌ಗಳಿವೆ, ನಿಜ. ಆದರೆ ಆ ಲೆಕ್ಕದಲ್ಲಿ ಯಂತ್ರ ಕೆಡುವುದಿಲ್ಲ, ಆಪರೇಟರ್ ಊರ ಜಾತ್ರೆಗೆ ರಜೆ ಹಾಕುವುದಿಲ್ಲ, ಕರೆಂಟ್ ಹೋಗುವುದಿಲ್ಲ. ನಮ್ಮ ಶಾಪ್‌ಗಳಲ್ಲಿ ಇವೆಲ್ಲ ನಡೆಯುತ್ತವೆ, ಇವನ್ನೆಲ್ಲ ಬಲ್ಲವರು ಸೂಪರ್‌ವೈಸರ್. ಅವರ ಕೈಗೆ ಒಳ್ಳೆಯ ಉಪಕರಣ ಕೊಡುವುದೇ ನಮ್ಮ ಕೆಲಸ.

ಯಂತ್ರದಿಂದ ಮೊದಲ ಕರಡು ಬರೆಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅದಕ್ಕೆ ಎರಡು ಹಳೆಯ ನಿಯಮಗಳು ಸಾಕು. ಗಡುವು ಹತ್ತಿರ ಇರುವುದನ್ನು ಮೊದಲು ಮಾಡು ಎಂಬುದು ಒಂದು. ಒಂದೇ ಯಂತ್ರದ ಮಟ್ಟಿಗೆ, ಎಲ್ಲ ಕೆಲಸಗಳಿಗೂ ಮಾಲು ಸಿದ್ಧವಿದ್ದಾಗ, ಅತಿ ಹೆಚ್ಚು ತಡವಾಗುವ ಆರ್ಡರಿನ ತಡವನ್ನು ಆದಷ್ಟು ಕಡಿಮೆ ಮಾಡುವುದು ಇದೇ ಎಂದು 1955ರಲ್ಲಿ ಜಾಕ್ಸನ್ ತೋರಿಸಿಕೊಟ್ಟರು. ಬೇಗ ಮುಗಿಯುವುದನ್ನು ಮೊದಲು ಮಾಡು ಎಂಬುದು ಇನ್ನೊಂದು. ಇದರಿಂದ ಕೆಲಸಗಳು ಸರಾಸರಿ ಬೇಗ ಹೊರಬೀಳುತ್ತವೆ, ಆದರೆ ದೊಡ್ಡ ಆರ್ಡರುಗಳು ಹಿಂದೆ ಹಿಂದೆ ಸರಿಯುತ್ತ ಹೋಗುತ್ತವೆ. ಸ್ಕ್ರೀನಿನ ಮೇಲೆ ಈ ಎರಡಕ್ಕೂ ಒಂದೊಂದು ಬಟನ್ ಇರಲಿ. ಒತ್ತಿದಾಗ ಒಂದು ಸಾಲು ಸಿದ್ಧವಾಗಲಿ. ಅದನ್ನು ತಿದ್ದುವ ಅಧಿಕಾರ ಸೂಪರ್‌ವೈಸರ್ ಕೈಯಲ್ಲಿರಲಿ.

ಕಾಲವನ್ನು ಅಡ್ಡ ಗೆರೆಯಾಗಿ, ಕೆಲಸವನ್ನು ಆ ಗೆರೆಯ ಮೇಲಿನ ಪಟ್ಟಿಯಾಗಿ ತೋರಿಸುವ ಚಾರ್ಟ್‌ಗೆ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಹೆಸರು ನಿಂತಿದೆ. ಅವರು ಅದನ್ನು ಬಳಕೆಗೆ ತಂದದ್ದು 1910ರ ದಶಕದಲ್ಲಿ. ಅದಕ್ಕೂ ಮೊದಲೇ, 1896ರಲ್ಲಿ, ಪೋಲೆಂಡಿನ ಕರೋಲ್ ಅದಮಿಯೆಟ್ಸ್ಕಿ ಇಂಥದೇ ಒಂದು ನಕ್ಷೆ ರೂಪಿಸಿದ್ದರು. ಶತಮಾನ ದಾಟಿದರೂ ಈ ಚಿತ್ರಕ್ಕೆ ಬದಲಿ ಹುಟ್ಟಿಲ್ಲ. ಎಲ್ಲಿ ಯಂತ್ರ ಖಾಲಿ ಬಿದ್ದಿದೆ, ಎಲ್ಲಿ ಕೆಲಸ ಕ್ಯೂ ನಿಂತಿದೆ ಎಂಬುದು ಇದರಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ನಮ್ಮ ಸ್ಕ್ರೀನ್ ಕೂಡ ಇದೇ. ಎಡಕ್ಕೆ ಯಂತ್ರಗಳ ಹೆಸರು, ಮೇಲೆ ದಿನ ಮತ್ತು ಗಂಟೆ, ನಡುವೆ ಪಟ್ಟಿಗಳು.

ಎಕ್ಸೆಲ್‌ನಲ್ಲೇ ಮಾಡಬಾರದೇ ಎಂಬ ಪ್ರಶ್ನೆಯೂ ಇದೆ. ಎಕ್ಸೆಲ್‌ನಲ್ಲಿ ಜನ ಸೆಲ್‌ಗಳಿಗೆ ಬಣ್ಣ ಬಳಿದು ಪ್ಲಾನ್ ಮಾಡುತ್ತಾರೆ. ಅಲ್ಲಿ ಬಣ್ಣವೇ ಮಾಹಿತಿ. ಆ ಹಸಿರು ಪಟ್ಟಿ ಯಾವ ಆರ್ಡರಿನದು, ಅದರ ಮುಂದಿನ ಆಪರೇಷನ್ ಯಾವುದು ಎಂಬುದು ಶೀಟಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದರ ಮೇಲೆ ಅದು ಲೆಕ್ಕ ಹಾಕುವುದಾದರೂ ಹೇಗೆ? ಡೇಟಾಬೇಸ್‌ನಲ್ಲಿ ಪ್ರತಿ ಆಪರೇಷನ್ ಒಂದು ಸಾಲು. ಪಟ್ಟಿಯು ಆ ಸಾಲಿನ ನೆರಳು ಮಾತ್ರ. ಸಾಲು ಬದಲಾದರೆ ಪಟ್ಟಿ ತಾನಾಗಿ ಬದಲಾಗುತ್ತದೆ. ಆಕ್ಸೆಸ್ 1992ರಲ್ಲಿ ಮಾರುಕಟ್ಟೆಗೆ ಬಂದ ಹಳೆಯ ಸಾಧನ. ಹಲವು ಆಫೀಸುಗಳಲ್ಲಿ ಅದು ಆಗಲೇ ಇದೆ. ಬರೀ ಬಳಸುವವರ ಕಂಪ್ಯೂಟರುಗಳಿಗೆ ಅದರ ರನ್‌ಟೈಮ್ ಆವೃತ್ತಿ ಉಚಿತ. ಒಂದು ಫೈಲ್ 2 ಜಿಬಿ ಮೀರುವಂತಿಲ್ಲ ಎಂಬ ಮಿತಿ ಇದೆ. ಡ್ರಾಯಿಂಗ್‌ಗಳನ್ನೂ ಫೋಟೋಗಳನ್ನೂ ಒಳಗೆ ತುಂಬದಿದ್ದರೆ, ಸಣ್ಣ ಕಾರ್ಖಾನೆಯ ವರ್ಷಗಟ್ಟಲೆ ಆರ್ಡರುಗಳಿಗೆ ಅಷ್ಟು ಜಾಗ ಧಾರಾಳ.

ಆರಂಭ ಟೇಬಲ್‌ಗಳಿಂದಲೇ ಆಗಬೇಕು. ನಾಲ್ಕು ಸಾಕು. ಮೊದಲನೆಯದು ಆರ್ಡರ್. ಗ್ರಾಹಕ, ಪಿ.ಓ. ಸಂಖ್ಯೆ, ಪಾರ್ಟ್, ಎಷ್ಟು ಪೀಸ್, ಕೊಡಬೇಕಾದ ದಿನ. ಎರಡನೆಯದು ಯಂತ್ರಗಳ ಪಟ್ಟಿ. ಮೂರನೆಯದು ಆಪರೇಷನ್. ಒಂದು ಶಾಫ್ಟ್ ಅಂದರೆ ಕಟಿಂಗ್, ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್ ಎಂದು ನಾಲ್ಕು ಸಾಲು. ಪ್ರತಿ ಸಾಲಿಗೂ ಯಾವ ಯಂತ್ರ, ಸೆಟ್ಟಿಂಗ್‌ಗೆ ಎಷ್ಟು ನಿಮಿಷ, ಒಂದು ಪೀಸಿಗೆ ಎಷ್ಟು ನಿಮಿಷ, ಆ ಯಂತ್ರದ ಕ್ಯೂನಲ್ಲಿ ಎಷ್ಟನೆಯದು, ಯಾವ ಹೊತ್ತಿಗಿಂತ ಮುಂಚೆ ಶುರುವಾಗಲು ಸಾಧ್ಯವಿಲ್ಲ ಎಂಬ ವಿವರ. ನಾಲ್ಕನೆಯದು ಕ್ಯಾಲೆಂಡರ್. ಯಾವ ದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಕೆಲಸ, ಯಾವ ದಿನ ರಜೆ. ಈ ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಇಡೀ ಪ್ಲಾನ್ ಹಳಿ ತಪ್ಪುವುದು ಅಲ್ಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 100 ಶಾಫ್ಟ್, ಒಂದಕ್ಕೆ 3 ನಿಮಿಷ, ಸೆಟ್ಟಿಂಗ್‌ಗೆ 60 ನಿಮಿಷ. ಒಟ್ಟು 360 ನಿಮಿಷ, ಅಂದರೆ 6 ಗಂಟೆ. ಶುಕ್ರವಾರ ಬೆಳಿಗ್ಗೆ 11ಕ್ಕೆ ಶುರು. ಗಡಿಯಾರದ ಮೇಲೆ 6 ಗಂಟೆ ಕೂಡಿಸಿದರೆ ಸಂಜೆ 5ಕ್ಕೆ ಮುಗಿಯಬೇಕು, ಅಂದು ಸಂಜೆಯೇ ಗಾಡಿಗೆ ಹಾಕಬಹುದು. ಈಗ ಕ್ಯಾಲೆಂಡರ್ ನೋಡಿ. ಶಿಫ್ಟ್ 8.30ರಿಂದ 5ರವರೆಗೆ, ಊಟಕ್ಕೆ 1ರಿಂದ 1.30. 11ರಿಂದ 1ರವರೆಗೆ 120 ನಿಮಿಷ, 1.30ರಿಂದ 5ರವರೆಗೆ 210 ನಿಮಿಷ. ಶುಕ್ರವಾರ ಆದದ್ದು 330. ಉಳಿದ 30 ನಿಮಿಷ ಮುಂದಿನ ಕೆಲಸದ ದಿನಕ್ಕೆ ಹೋಯಿತು. ಶನಿವಾರ, ಭಾನುವಾರ ಎರಡೂ ರಜೆಯಾದರೆ ಈ ಕೆಲಸ ಮುಗಿಯುವುದು ಸೋಮವಾರ ಬೆಳಿಗ್ಗೆ 9ಕ್ಕೆ. ಬರೀ ಅರ್ಧ ಗಂಟೆಯ ಊಟದ ಬಿಡುವು ಲೆಕ್ಕದಿಂದ ಬಿಟ್ಟುಹೋದದ್ದಕ್ಕೆ ಗ್ರಾಹಕರಿಗೆ ಕೊಟ್ಟ ಮಾತು ಮೂರು ದಿನ ತಪ್ಪಿತು. ಆದ್ದರಿಂದ ಕೆಲಸದ ನಿಮಿಷಗಳನ್ನು ಗಡಿಯಾರದ ಹೊತ್ತಾಗಿ ಬದಲಿಸುವ ಒಂದೇ ಒಂದು ಫಂಕ್ಷನ್ ಬರೆದು, ಎಲ್ಲ ಕಡೆ ಅದನ್ನೇ ಕರೆಯಬೇಕು. ಮುಗಿಯುವ ಹೊತ್ತನ್ನು ಯಾರೂ ಕೈಯಿಂದ ಟೈಪ್ ಮಾಡುವಂತಿರಬಾರದು.

ಇನ್ನು ಸ್ಕ್ರೀನಿನ ಜೀವವಾದ ಲೆಕ್ಕಕ್ಕೆ ಬರೋಣ. ಒಂದು ಆಪರೇಷನ್ ಯಾವಾಗ ಶುರುವಾಗಬಹುದು? ಅದೇ ಯಂತ್ರದ ಮೇಲಿನ ಹಿಂದಿನ ಕೆಲಸ ಮುಗಿದಿರಬೇಕು, ಅದೇ ಆರ್ಡರಿನ ಹಿಂದಿನ ಆಪರೇಷನ್ ಮುಗಿದಿರಬೇಕು, ಮಾಲು ಕೈಗೆ ಬಂದಿರಬೇಕು. ಈ ಮೂರರಲ್ಲಿ ಯಾವುದು ಎಲ್ಲಕ್ಕಿಂತ ತಡವೋ ಅದೇ ಶುರುವಾಗುವ ಹೊತ್ತು. ಪ್ರೋಗ್ರಾಂ ಮಾಡಬೇಕಾದುದಿಷ್ಟು. ಯಾವ ಆಪರೇಷನ್‌ನ ಎರಡೂ ಹಿಂದಿನ ಕೆಲಸಗಳು ಲೆಕ್ಕವಾಗಿವೆಯೋ ಅದನ್ನು ಎತ್ತಿಕೊ, ಅದರ ಹೊತ್ತು ಬರೆ, ಮತ್ತೆ ಹುಡುಕು. ಎಲ್ಲವೂ ಮುಗಿಯುವವರೆಗೆ ಇದೇ ಸುತ್ತು. ಒಮ್ಮೊಮ್ಮೆ ಕೆಲಸಗಳು ಬಾಕಿ ಇದ್ದರೂ ಎತ್ತಿಕೊಳ್ಳಲು ಒಂದೂ ಸಿಗುವುದಿಲ್ಲ. ಅಂದರೆ ಅಲ್ಲೊಂದು ಗಂಟು ಬಿದ್ದಿದೆ. ಒಂದನೇ ಆರ್ಡರಿನ ಗ್ರೈಂಡಿಂಗ್ ಎರಡನೆಯದರ ಗ್ರೈಂಡಿಂಗ್ ಮುಗಿಯಲಿ ಎಂದು ಕಾಯುತ್ತಿದ್ದು, ಎರಡನೆಯದರ ಟರ್ನಿಂಗ್ ಒಂದನೆಯದರ ಟರ್ನಿಂಗ್‌ಗಿಂತ ಮುಂದಿದ್ದರೆ ತೊಂದರೆಯಿಲ್ಲ. ಆದರೆ ಒಂದರ ದಾರಿಯಲ್ಲಿ ಮಿಲ್ಲಿಂಗ್ ಆದ ಮೇಲೆ ಟರ್ನಿಂಗ್, ಇನ್ನೊಂದರ ದಾರಿಯಲ್ಲಿ ಟರ್ನಿಂಗ್ ಆದ ಮೇಲೆ ಮಿಲ್ಲಿಂಗ್ ಇದ್ದು, ಎರಡೂ ಯಂತ್ರಗಳಲ್ಲಿ ಕ್ಯೂ ಉಲ್ಟಾ ಆಗಿದ್ದರೆ ಎರಡೂ ಒಂದಕ್ಕೊಂದು ಕಾಯುತ್ತ ನಿಂತುಬಿಡುತ್ತವೆ. ಅಂಥ ಹೊತ್ತಿನಲ್ಲಿ ಸ್ಕ್ರೀನ್ ಆ ಎರಡು ಆರ್ಡರುಗಳ ಹೆಸರು ಹೇಳಿ, ಸರಿಸಿದ್ದನ್ನು ವಾಪಸ್ ಇಡಬೇಕು.

ಈಗ ಪಟ್ಟಿ ಬಿಡಿಸುವ ವಿಚಾರ. ಆಕ್ಸೆಸ್ ಫಾರ್ಮ್ ಅಳೆಯುವುದು ಟ್ವಿಪ್ ಎಂಬ ಮಾನದಲ್ಲಿ, ಒಂದು ಇಂಚಿಗೆ 1440. ಫಾರ್ಮಿನ ಅಗಲಕ್ಕೆ ಸುಮಾರು 22 ಇಂಚಿನ ಮಿತಿ ಇದೆ. ಒಂದು ನಿಮಿಷಕ್ಕೆ 6 ಟ್ವಿಪ್ ಎಂದು ಇಟ್ಟುಕೊಂಡರೆ ಗಂಟೆಗೆ 360, ಅಂದರೆ ಕಾಲು ಇಂಚು. ದಿನಕ್ಕೆ 8 ಗಂಟೆಯಂತೆ ಆರು ದಿನದ ವಾರ 12 ಇಂಚಿನಲ್ಲಿ ಕೂರುತ್ತದೆ. ನಮ್ಮ 360 ನಿಮಿಷದ ಶಾಫ್ಟ್ ಕೆಲಸ ಒಂದೂವರೆ ಇಂಚಿನ ಪಟ್ಟಿ. ಅಡ್ಡ ಗೆರೆಯಲ್ಲಿ ಕೆಲಸದ ಗಂಟೆಗಳನ್ನಷ್ಟೇ ತೋರಿಸಿ, ರಾತ್ರಿಯನ್ನೂ ಊಟದ ಬಿಡುವನ್ನೂ ಬಿಟ್ಟುಬಿಟ್ಟರೆ ಪಟ್ಟಿ ತುಂಡಾಗುವುದಿಲ್ಲ. ಇನ್ನೊಂದು ಸಂಗತಿ ಗಮನದಲ್ಲಿರಲಿ. ಆಕ್ಸೆಸ್‌ನಲ್ಲಿ ಫಾರ್ಮ್ ತೆರೆದು ಬಳಸುತ್ತಿರುವಾಗ ಹೊಸ ಲೇಬಲ್ ಹುಟ್ಟಿಸಲು ಬರುವುದಿಲ್ಲ, ಅದು ಡಿಸೈನ್ ವ್ಯೂನಲ್ಲಿ ಮಾತ್ರ ಸಾಧ್ಯ. ಜತೆಗೆ ಒಂದು ಫಾರ್ಮಿಗೆ ಅದರ ಆಯುಸ್ಸಿನಲ್ಲಿ ಸೇರಿಸಬಹುದಾದ ಕಂಟ್ರೋಲ್‌ಗಳು ಒಟ್ಟು 754, ಅಳಿಸಿದವೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಆರು ಯಂತ್ರಕ್ಕೆ ಹತ್ತರಂತೆ 60 ಲೇಬಲ್‌ಗಳನ್ನು ಮೊದಲೇ ಇಟ್ಟು, ಕ್ರಮವಾಗಿ ಹೆಸರು ಕೊಟ್ಟು, ಮರೆಮಾಡಿಡಿ. ಸ್ಕ್ರೀನ್ ತೆರೆದಾಗ ಬೇಕಾದಷ್ಟನ್ನು ಹೊರತೆಗೆದು ಸ್ಥಾನ, ಅಗಲ, ಬರಹ, ಬಣ್ಣ ಕೊಟ್ಟರಾಯಿತು.

ಎಳೆಯುವುದಕ್ಕೆ ಆಕ್ಸೆಸ್‌ನಲ್ಲಿ ಸಿದ್ಧ ಸೌಲಭ್ಯವಿಲ್ಲ, ಮೌಸಿನ ಮೂರು ಈವೆಂಟ್‌ಗಳಿಂದ ನಾವೇ ಕಟ್ಟಿಕೊಳ್ಳಬೇಕು. ಮೌಸ್‌ಡೌನ್ ಆದಾಗ ಯಾವ ಪಟ್ಟಿ, ಎಲ್ಲಿ ಹಿಡಿದರು ಎಂದು ನೆನಪಿಟ್ಟುಕೊಳ್ಳುವುದು, ಮೌಸ್‌ಮೂವ್‌ನಲ್ಲಿ ಪಟ್ಟಿಯನ್ನು ಜತೆಗೆ ಸರಿಸುವುದು, ಮೌಸ್‌ಅಪ್‌ನಲ್ಲಿ ಸ್ಥಾನವನ್ನು 6ರಿಂದ ಭಾಗಿಸಿ ನಿಮಿಷಕ್ಕೆ ತಿರುಗಿಸುವುದು. 60 ಪಟ್ಟಿಗೂ ಬೇರೆ ಬೇರೆ ಕೋಡ್ ಬರೆಯುವ ಅಗತ್ಯವಿಲ್ಲ, ಒಂದು ಕ್ಲಾಸ್ ಮಾಡ್ಯೂಲ್ ಎಲ್ಲದರ ಈವೆಂಟ್‌ಗಳನ್ನೂ ನೋಡಿಕೊಳ್ಳುತ್ತದೆ. ಪಟ್ಟಿ ಬಿದ್ದ ಜಾಗದಿಂದ ಅದು ಯಾವ ಎರಡು ಕೆಲಸಗಳ ನಡುವೆ ಬಂತು ಎಂದು ತಿಳಿದರೆ ಸಾಕು. ಕ್ಯೂ ಸಂಖ್ಯೆಗಳನ್ನು 10, 20, 30 ಎಂದು ಬಿಡಿಬಿಡಿಯಾಗಿ ಕೊಟ್ಟಿದ್ದರೆ ನಡುವೆ ಬಂದದ್ದಕ್ಕೆ 15 ಕೊಡಬಹುದು. ಆಮೇಲೆ ಎಲ್ಲಕ್ಕೂ ಹೊಸದಾಗಿ ಸಂಖ್ಯೆ. ಇಲ್ಲಿ ನನ್ನದೊಂದು ಸಲಹೆ ಇದೆ. ಮೊದಲ ಆವೃತ್ತಿಯಲ್ಲಿ ಎಳೆಯುವುದನ್ನು ಇಡಲೇಬೇಡಿ. ‘ಹಿಂದೆ’, ‘ಮುಂದೆ’, ‘ಬೇರೆ ಯಂತ್ರಕ್ಕೆ’ ಎಂಬ ಮೂರು ಬಟನ್ ಇಡಿ. ಲೆಕ್ಕ ಸರಿ ಇದೆಯೇ ಎಂದು ಪರೀಕ್ಷಿಸಲು ಅಷ್ಟು ಸಾಕು. ಲೆಕ್ಕ ಗಟ್ಟಿಯಾದ ಮೇಲೆ ಎಳೆಯುವ ಸೌಕರ್ಯ ಸೇರಿಸಿದರೆ ಒಳಗಿನ ಒಂದು ಸಾಲೂ ಬದಲಾಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಆಕ್ಟಿವ್‌ಎಕ್ಸ್ ಕಂಟ್ರೋಲ್‌ಗಳನ್ನು ತಂದು ಕೂರಿಸುವ ಆಸೆಯನ್ನೂ ಬಿಡಿ. ಆಕ್ಸೆಸ್ ಜತೆಗೇ ಬರುತ್ತಿದ್ದ ಕ್ಯಾಲೆಂಡರ್ ಕಂಟ್ರೋಲ್ 2010ರ ಆವೃತ್ತಿಯಲ್ಲಿ ಇಲ್ಲವಾಯಿತು, ಅದನ್ನೇ ನೆಚ್ಚಿಕೊಂಡಿದ್ದ ಫಾರ್ಮ್‌ಗಳು ನಿಂತುಹೋದವು. ಸಾದಾ ಲೇಬಲ್ ಯಾವ ಆವೃತ್ತಿಯಲ್ಲೂ ಕೈಕೊಡುವುದಿಲ್ಲ.

ಪಟ್ಟಿ ಬಿಟ್ಟ ಮೇಲೆ ನಡೆಯುವುದೇ ಮುಖ್ಯ. ಆ ಬದಲಾವಣೆಯನ್ನು ಕೂಡಲೇ ಟೇಬಲ್‌ಗೆ ಬರೆಯಬಾರದು. ಮೊದಲು ಮೆಮೊರಿಯಲ್ಲಿ ಇಡೀ ಪ್ಲಾನ್ ಹೊಸದಾಗಿ ಲೆಕ್ಕವಾಗಲಿ. ಸ್ಕ್ರೀನಿನ ಬಲಕ್ಕೊಂದು ಪಟ್ಟಿ ತೆರೆದುಕೊಳ್ಳಲಿ. ಯಾವ ಯಾವ ಆರ್ಡರಿನ ಮುಗಿಯುವ ಹೊತ್ತು ಬದಲಾಯಿತು, ಹಿಂದೆ ಎಷ್ಟಿತ್ತು, ಈಗ ಎಷ್ಟಾಯಿತು, ಗಡುವು ಯಾವಾಗ. ಗಡುವು ದಾಟಿದ್ದು ಕೆಂಪಿನಲ್ಲಿ ಮೇಲೆ ನಿಲ್ಲಲಿ. ಕೆಳಗೆ ಎರಡೇ ಬಟನ್: ‘ಸರಿ, ಉಳಿಸು’, ‘ಬೇಡ, ಮೊದಲಿನಂತೆ ಇಡು’. ಬೆಳಗ್ಗೆ ಫೋನ್ ಮಾಡಿ ಜೋರು ಮಾಡಿದ ಗ್ರಾಹಕರ ಕೆಲಸವನ್ನು ಮುಂದೆ ತಂದರೆ, ಸುಮ್ಮನಿರುವ ಹಳೆಯ ಗ್ರಾಹಕರ ಎರಡು ಆರ್ಡರ್ ಬುಧವಾರದಿಂದ ಶುಕ್ರವಾರಕ್ಕೆ ಜಾರುತ್ತವೆ ಎಂಬುದು ಆ ಪಟ್ಟಿಯಲ್ಲಿ ಎದುರಿಗೇ ಕಾಣುತ್ತದೆ. ವೈಟ್‌ಬೋರ್ಡ್ ಈ ಮಾತನ್ನು ಎಂದೂ ಹೇಳಿರಲಿಲ್ಲ. ಜೋರು ದನಿಗೆ ಮಣಿಯುವುದೋ ಬಿಡುವುದೋ ಮಾಲೀಕರ ವಿವೇಚನೆ, ಆದರೆ ಬೆಲೆ ತಿಳಿದು ಮಣಿಯುವುದು ಬೇರೆ, ತಿಳಿಯದೆ ಮಣಿಯುವುದು ಬೇರೆ.

‘ಉಳಿಸು’ ಒತ್ತಿದಾಗ ಹತ್ತಾರು ಸಾಲುಗಳು ಒಟ್ಟಿಗೆ ಬದಲಾಗುತ್ತವೆ. ನಡುವೆ ಕರೆಂಟ್ ಹೋದರೆ ಅರ್ಧ ಹಳೆಯ ಪ್ಲಾನ್, ಅರ್ಧ ಹೊಸತು ಆಗಬಾರದು. ಅದಕ್ಕಾಗಿ ಇಡೀ ಬದಲಾವಣೆಯನ್ನು ಒಂದು ಟ್ರಾನ್ಸಾಕ್ಷನ್ ಒಳಗೆ ಇಡಬೇಕು. ಆಗುವುದಿದ್ದರೆ ಪೂರ್ತಿ ಆಗಬೇಕು, ಇಲ್ಲವಾದರೆ ಒಂದೂ ಆಗಬಾರದು. ಇಬ್ಬರು ಒಂದೇ ಹೊತ್ತಿನಲ್ಲಿ ಪ್ಲಾನ್ ಬದಲಿಸುವ ಸಂದರ್ಭವೂ ಬರುತ್ತದೆ. ಪ್ಲಾನ್‌ಗೊಂದು ಆವೃತ್ತಿ ಸಂಖ್ಯೆ ಕೊಟ್ಟು, ಪ್ರತಿ ಸಲ ಉಳಿಸಿದಾಗ ಅದನ್ನು ಒಂದು ಹೆಚ್ಚಿಸಿ. ನಾನು ತೆರೆದಾಗ 41 ಇದ್ದದ್ದು ಉಳಿಸುವ ಹೊತ್ತಿಗೆ 42 ಆಗಿದ್ದರೆ, ಬೇರೆಯವರು ಆಗಲೇ ಬದಲಿಸಿದ್ದಾರೆ ಎಂದರ್ಥ. ಹೊಸ ಪ್ಲಾನ್ ತೋರಿಸಿ, ನನ್ನ ಬದಲಾವಣೆಯನ್ನು ಅದರ ಮೇಲೆ ಮಾಡಲು ಸ್ಕ್ರೀನ್ ಕೇಳಬೇಕು.

ಯಂತ್ರ ಖಾಲಿ ಇದ್ದರೂ ಕೆಲಸ ಶುರುವಾಗದ ಪ್ರಸಂಗಗಳನ್ನು ಶಾಪ್ ಬಲ್ಲವರು ಕೂಡಲೇ ನೆನಪಿಸುತ್ತಾರೆ. ಸೆಟ್ಟಿಂಗ್ ಮಾಡಬಲ್ಲವರು ಒಬ್ಬರೇ, ಎರಡು ಸಿಎನ್‌ಸಿಗೂ ಅವರೇ ಬೇಕು. ಫಿಕ್ಸ್ಚರ್ ಒಂದೇ, ಅದನ್ನು ಕೇಳುವ ಆರ್ಡರ್ ಎರಡು. ಇವನ್ನು ಹಿಡಿಯುವ ನಿಯಮ ಚಿಕ್ಕದು. ಒಬ್ಬರನ್ನೇ ಅಥವಾ ಒಂದೇ ಫಿಕ್ಸ್ಚರನ್ನು ಬೇಡುವ ಎರಡು ಕೆಲಸಗಳಲ್ಲಿ, ಮೊದಲನೆಯದು ಎರಡನೆಯದು ಮುಗಿಯುವ ಮುಂಚೆ ಶುರುವಾಗಿ, ಎರಡನೆಯದು ಮೊದಲನೆಯದು ಮುಗಿಯುವ ಮುಂಚೆ ಶುರುವಾದರೆ ಎರಡೂ ಒಂದರ ಮೇಲೊಂದು ಬಿದ್ದಿವೆ. ಒಂದು ಕ್ವೆರಿಯಲ್ಲಿ ಇಷ್ಟು ಬರೆದರೆ ಘರ್ಷಣೆಗಳೆಲ್ಲ ಸಿಗುತ್ತವೆ. ಅವನ್ನು ತಾನಾಗಿ ಬಿಡಿಸಲು ಹೋಗದೆ ಪಟ್ಟಿಯ ಅಂಚಿಗೆ ಕಿತ್ತಳೆ ಬಣ್ಣ ಕೊಟ್ಟು ತೋರಿಸಿದರೆ ಸಾಕು, ಸೂಪರ್‌ವೈಸರ್ ದಾರಿ ಹುಡುಕಿಕೊಳ್ಳುತ್ತಾರೆ.

ನಮ್ಮ ನಾಡಿನಲ್ಲಿ ಆಕ್ಸೆಸ್ ಬಳಸುವವರು ಎರಡು ವಿಷಯದಲ್ಲಿ ಎಚ್ಚರದಿಂದಿರಬೇಕು. ಒಂದು ತಾರೀಖು. ನಾವು ಬರೆಯುವುದು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ. ಕೋಡಿನೊಳಗೆ ಕಟ್ಟಿದ ಕ್ವೆರಿಯಲ್ಲಿ 05/06 ಎಂದು ಬಂದರೆ ಆಕ್ಸೆಸ್ ಅದನ್ನು ಅಮೆರಿಕದ ಕ್ರಮದಲ್ಲಿ ಮೇ 6 ಎಂದು ಓದುತ್ತದೆ. 13/06 ಎಂದರೆ 13ನೇ ತಿಂಗಳು ಇಲ್ಲವಾದ್ದರಿಂದ ಜೂನ್ 13 ಎಂದೇ ಓದುತ್ತದೆ. ಹೀಗಾಗಿ ತಿಂಗಳ 13ರಿಂದ ಮುಂದೆ ಎಲ್ಲವೂ ಸರಿ, ಮೊದಲ 12 ದಿನ ಮಾತ್ರ ಪ್ಲಾನ್ ಚೆಲ್ಲಾಪಿಲ್ಲಿ. ವರ್ಷವನ್ನು ಮೊದಲಿಟ್ಟು, ಆಮೇಲೆ ತಿಂಗಳು, ದಿನ ಬರೆದರೆ ಈ ಗೊಂದಲವೇ ಹುಟ್ಟುವುದಿಲ್ಲ. ಇನ್ನೊಂದು ಕನ್ನಡ. ಆಪರೇಟರುಗಳು ಓದುವ ಸ್ಕ್ರೀನ್ ಕನ್ನಡದಲ್ಲೇ ಇರಬೇಕು ಎಂಬುದು ನನ್ನ ಖಚಿತ ನಿಲುವು. ಆಕ್ಸೆಸ್‌ನ ಟೇಬಲ್‌ಗಳೂ ಫಾರ್ಮ್‌ಗಳೂ ಯೂನಿಕೋಡ್ ಕನ್ನಡವನ್ನು ಚೆನ್ನಾಗಿ ತೋರಿಸುತ್ತವೆ. ಆದರೆ ಅದರ ಕೋಡ್ ಬರೆಯುವ ವಿಬಿಎ ಎಡಿಟರಿಗೆ ಯೂನಿಕೋಡ್ ಬರುವುದಿಲ್ಲ, ಅಲ್ಲಿ ಕನ್ನಡ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಕನ್ನಡದ ಸಂದೇಶಗಳನ್ನೆಲ್ಲ ಒಂದು ಟೇಬಲ್‌ನಲ್ಲಿಟ್ಟು, ಕೋಡ್ ಅವನ್ನು ಸಂಖ್ಯೆಯಿಂದ ಕರೆದು ಫಾರ್ಮಿನ ಮೇಲೆ ತೋರಿಸುವಂತೆ ಮಾಡಿದರೆ ಸಮಸ್ಯೆ ತೀರುತ್ತದೆ.

ಫೈಲ್ ಎಲ್ಲಿಡಬೇಕು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಡೇಟಾಬೇಸನ್ನು ಎರಡು ಮಾಡಿ. ಟೇಬಲ್‌ಗಳಿರುವ ಫೈಲ್ ಆಫೀಸಿನ ಒಂದು ಕಂಪ್ಯೂಟರಿನಲ್ಲಿ, ಸ್ಕ್ರೀನ್‌ಗಳಿರುವ ಫೈಲಿನ ಒಂದೊಂದು ಪ್ರತಿ ಬಳಸುವವರ ಕಂಪ್ಯೂಟರಿನಲ್ಲಿ. ನಡುವೆ ಕೇಬಲ್ ಇರಲಿ. ವೈಫೈ ಮೇಲೆ ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಫೈಲ್ ಕೆಡುವ ಅಪಾಯವಿದೆ. ಇಂಟರ್ನೆಟ್ ಜತೆ ಸಿಂಕ್ ಆಗುವ ಫೋಲ್ಡರಿನಲ್ಲೂ ಇಡಬೇಡಿ. ಪ್ರತಿ ಸಂಜೆ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗಲಿ. ಮೊಬೈಲಿನಲ್ಲಿ ನೋಡಬೇಕು, ಬೇರೆ ಊರಿನ ಶಾಖೆಯಿಂದ ಬದಲಿಸಬೇಕು ಎನ್ನುವ ಹಂತಕ್ಕೆ ಬೆಳೆದಾಗ ಆಕ್ಸೆಸ್ ಸಾಲದು. ಆಗ ಟೇಬಲ್‌ಗಳನ್ನು ಸರ್ವರ್ ಡೇಟಾಬೇಸ್‌ಗೆ ಸಾಗಿಸಬಹುದು.

ಇಷ್ಟೆಲ್ಲ ಕಟ್ಟಿದ ಮೇಲೂ ಸ್ಕ್ರೀನ್ ಬದುಕುವುದು ಅದನ್ನು ಬಳಸುವವರ ಶಿಸ್ತಿನಿಂದ. ಶಿಫ್ಟ್ ಮುಗಿದಾಗ ಎಷ್ಟು ಪೀಸ್ ಆಯಿತು ಎಂಬುದು ಪ್ರತಿದಿನ ಒಳಗೆ ಹೋಗಬೇಕು. ಶುರುವಾದ ಕೆಲಸಕ್ಕೆ ಬೀಗ ಬೀಳಬೇಕು, ಅದನ್ನು ಯಾರೂ ಎಳೆಯುವಂತಿರಬಾರದು. ನಾಳೆಯ ಪ್ಲಾನ್ ಇಂದು ಸಂಜೆಯ ನಂತರ ಸುಮ್ಮನೆ ಬದಲಾಗಬಾರದು. ಇಲ್ಲವಾದರೆ ರಾತ್ರಿ ಹಾಕಿಟ್ಟ ಸೆಟ್ಟಿಂಗ್ ಬೆಳಿಗ್ಗೆ ಬಿಚ್ಚಬೇಕಾಗುತ್ತದೆ. ಬದಲಿಸಲೇಬೇಕಾದಾಗ ಕಾರಣ ಆಯ್ಕೆ ಮಾಡಲು ಒಂದು ಪಟ್ಟಿ ಇರಲಿ: ಮಾಲು ಬಂದಿಲ್ಲ, ಟೂಲ್ ಇಲ್ಲ, ಆಪರೇಟರ್ ರಜೆ, ಯಂತ್ರ ರಿಪೇರಿ, ಗ್ರಾಹಕರ ಒತ್ತಾಯ. ಕೆಲವು ತಿಂಗಳ ನಂತರ ಆ ಕಾರಣಗಳನ್ನು ಎಣಿಸಿ ನೋಡಿ. ತಡ ಎಲ್ಲಿಂದ ಹುಟ್ಟುತ್ತಿದೆ ಎಂಬುದು ಆ ಎಣಿಕೆಯಲ್ಲೇ ಸಿಗುತ್ತದೆ. ಸೂಪರ್‌ವೈಸರ್ ವರ್ಷಗಳಿಂದ ತಲೆಯಲ್ಲಿ ಹೊತ್ತುಕೊಂಡ ಲೆಕ್ಕ ಎಲ್ಲರಿಗೂ ಕಾಣುವಂತಾಗುತ್ತದೆ. ಅವರು ಒಂದು ವಾರ ರಜೆ ಹಾಕಿ ನೆಮ್ಮದಿಯಿಂದ ಮಗಳ ಮದುವೆ ಮಾಡಿ ಬರಬಹುದು. ಈ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಸಂಗತಿ ಇದೇ.

ಪತ್ರ ಬರೆದವರಿಗೆಲ್ಲ ನನ್ನ ಮನವಿ ಇಷ್ಟು. ಎಲ್ಲ ಯಂತ್ರಗಳನ್ನೂ ಒಂದೇ ಸಲ ಸ್ಕ್ರೀನಿಗೆ ತರಬೇಡಿ. ನಿಮ್ಮ ಶಾಪಿನಲ್ಲಿ ಯಾವ ಯಂತ್ರದ ಮುಂದೆ ಸದಾ ಮಾಲು ರಾಶಿ ಬಿದ್ದಿರುತ್ತದೆ ನೋಡಿ. ಇಡೀ ಕಾರ್ಖಾನೆಯ ವೇಗ ಅಂಥ ಒಂದು ಅಡಚಣೆಯ ವೇಗಕ್ಕಿಂತ ಹೆಚ್ಚಾಗಲಾರದು ಎಂದು ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ಬಂದ ‘ದಿ ಗೋಲ್’ ಕಾದಂಬರಿಯಲ್ಲಿ ವಿವರಿಸಿದ್ದಾರೆ. ಆ ಒಂದು ಯಂತ್ರದಿಂದ ಶುರು ಮಾಡಿ. ಸೆಟ್ಟಿಂಗ್‌ಗೆ ಎಷ್ಟು ಹೊತ್ತು, ಪೀಸಿಗೆ ಎಷ್ಟು ಹೊತ್ತು ಎಂಬುದನ್ನು ಅಂದಾಜಿನಿಂದ ಬರೆಯದೆ ಯಂತ್ರದ ಪಕ್ಕ ನಿಂತು ಅಳೆದು ಬರೆಯಿರಿ. ‘ಮಾಲು ಯಾವಾಗ ಕೊಡ್ತೀರಿ?’ ಎಂದು ಗ್ರಾಹಕರು ಫೋನ್ ಮಾಡಿದಾಗ, ಸ್ಕ್ರೀನ್ ನೋಡಿ ಹೇಳಿದ ದಿನಕ್ಕೇ ಮಾಲು ಹೊರಟರೆ ನಿಮ್ಮ ಪ್ರಯತ್ನ ಗೆದ್ದಂತೆ. ಅಲ್ಲಿಯವರೆಗೆ ಬಣ್ಣ, ವಿನ್ಯಾಸಗಳಿಗೆ ಹೊತ್ತು ಕೊಡಬೇಡಿ. ಟೇಬಲ್‌ನಲ್ಲಿರುವ ನಿಮಿಷಗಳನ್ನು ಸರಿಮಾಡಿ.